ಮೊದಲು ರೇಡಿಯೇಟರ್ ಮುಚ್ಚಳ ತೆಗೆದು ನೋಡು

ನಿನ್ನ ಮೆಸೇಜ್ ಓದಿದೆ ತಮ್ಮ. ದುಬೈಗೆ ಬಂದು ಎಂಟು ತಿಂಗಳಾಯ್ತು, ಲೈಸೆನ್ಸ್ ಕೈಗೆ ಬಂತು, ಈಗ 2008ರ ನಿಸ್ಸಾನ್ ಎಕ್ಸ್‌ಟೆರಾ ಒಂದು 17 ಸಾವಿರ ದಿರ್ಹಮ್‌ಗೆ ಸಿಗುತ್ತಿದೆ, 2 ಲಕ್ಷ ಕಿಲೋಮೀಟರ್ ದಾಟಿದೆ, ತೆಗೆಯಬಹುದಾ, ರಿಪೇರಿಗೆ ಎಷ್ಟು ಹೋಗುತ್ತದೆ ಅಂತ ಕೇಳಿದ್ದೀಯ. ಊರಲ್ಲಿ ಈ ದುಡ್ಡಿಗೆ ಇಂಥ ಗಾಡಿ ಸಿಗುತ್ತದಾ ಅಂತ ಬೇರೆ ಬರೆದಿದ್ದೀಯ. ಸಿಗುವುದಿಲ್ಲ, ನಿಜ. ನಾನೂ ಇಲ್ಲಿಗೆ ಬಂದ ಹೊಸತರಲ್ಲಿ ಅದೇ ಲೆಕ್ಕ ಹಾಕಿ ಸಿಕ್ಕಿಬಿದ್ದವನು.

ನಾನು ತೆಗೆದದ್ದು ಯುರೋಪಿನ ದೊಡ್ಡ ಗಾಡಿ. ಕಂಪನಿ ಹೆಸರು ಬೇಡ. 22 ಸಾವಿರ ಕೊಟ್ಟೆ. ಲೆದರ್ ಸೀಟು, ತಲೆ ಮೇಲೆ ಗಾಜು, ಕೂತರೆ ಮಂತ್ರಿ ಕೂತ ಹಾಗೆ. ಸ್ಪ್ರಿಂಗ್ ಇಲ್ಲ, ಎಲ್ಲ ಏರ್ ಸಸ್ಪೆನ್ಷನ್. ಮೂರನೇ ತಿಂಗಳು ಒಂದು ಬೆಳಗ್ಗೆ ಪಾರ್ಕಿಂಗ್‌ಗೆ ಇಳಿದು ನೋಡಿದರೆ ಗಾಡಿ ಕೆಸರಲ್ಲಿ ಮಲಗಿದ ಎಮ್ಮೆ ಥರ ಒಂದು ಪಕ್ಕಕ್ಕೆ ವಾಲಿದೆ. ಆ ಕಡೆ ಸ್ಪ್ರಿಂಗ್ ಬದಲು ಇರುವ ಗಾಳಿ ಚೀಲಕ್ಕೆ 2,400. ಎರಡು ವಾರಕ್ಕೆ ಅದಕ್ಕೆ ಗಾಳಿ ತುಂಬುವ ಕಂಪ್ರೆಸರ್ ಹೋಯಿತು, 1,900. ಆಮೇಲೆ ಇನ್ನೊಂದು ಪಕ್ಕ. ಹತ್ತು ತಿಂಗಳಲ್ಲಿ 11 ಸಾವಿರ ಹಾಕಿ, ಕೊನೆಗೆ 9 ಸಾವಿರಕ್ಕೆ ಮಾರಿ ಕೈತೊಳೆದುಕೊಂಡೆ. ನಿನ್ನ ಅತ್ತಿಗೆ ಈಗಲೂ ಏನಾದರೂ ತಗೊಳ್ಳುವಾಗ "ಆ ಗಾಡಿಗೆ ಸುರಿದ ದುಡ್ಡಲ್ಲಿ" ಅಂತಲೇ ಮಾತು ಶುರು ಮಾಡುತ್ತಾಳೆ. ಹಳೆಯದಾದ ಹಾಗೆ ಗಾಡಿಯ ಬೆಲೆ ಇಳಿಯುತ್ತದೆ, ಪಾರ್ಟ್ಸ್ ಬೆಲೆ ಮಾತ್ರ ಹೊಸ ಗಾಡಿಯದ್ದೇ. ನನಗೆ ಅದು ಹೊಳೆದಿರಲಿಲ್ಲ.

ಆ ಲೆಕ್ಕದಲ್ಲಿ ನಿನ್ನ ಎಕ್ಸ್‌ಟೆರಾ ಒಳ್ಳೆಯ ಆಯ್ಕೆಯೇ. ಲಾರಿಯ ಹಾಗೆ ಕೆಳಗೆ ಚಾಸಿ, ಹಿಂದೆ ಪಟ್ಟಿ ಸ್ಪ್ರಿಂಗ್, 4 ಲೀಟರ್‌ನ ವಿ6 ಇಂಜಿನ್. ಶಾರ್ಜಾ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜಿನವರಿಗೆ ಇದು ಚೆನ್ನಾಗಿ ಗೊತ್ತು, ಹಳೇ ಪಾರ್ಟ್ಸ್ ಕೂಡ ಅಲ್ಲೇ ಸಿಗುತ್ತದೆ. ಹಿಂದಿ, ಮಲಯಾಳಂ ಸ್ವಲ್ಪ ಬಂದರೆ ಚೌಕಾಸಿಗೂ ತೊಂದರೆ ಇಲ್ಲ.

ಆದರೆ ಅದರದ್ದೇ ಒಂದು ಕಾಯಿಲೆ ಇದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ತಣ್ಣಗಾಗುವುದು ರೇಡಿಯೇಟರ್ ಒಳಗಿನ ಒಂದು ಕೊಳವೆಯಲ್ಲಿ. 2005ರಿಂದ 2010ರವರೆಗಿನ ಎಕ್ಸ್‌ಟೆರಾ, ನಿಸ್ಸಾನ್‌ನದ್ದೇ ಪಾತ್‌ಫೈಂಡರ್‌ಗಳಲ್ಲಿ ಆ ಕೊಳವೆ ಒಳಗೊಳಗೇ ಬಿರುಕು ಬಿಡುವುದು ಹೆಸರುವಾಸಿ. ಬಿರುಕು ಬಿಟ್ಟರೆ ಕೂಲೆಂಟ್, ಅಂದರೆ ರೇಡಿಯೇಟರ್ ನೀರು, ಗೇರ್‌ಬಾಕ್ಸ್‌ಗೆ, ಗೇರ್ ಆಯಿಲ್ ರೇಡಿಯೇಟರ್‌ಗೆ. ಹೊರಗೆ ಒಂದು ತೊಟ್ಟೂ ಸೋರುವುದಿಲ್ಲ. ಮುಚ್ಚಳ ತೆಗೆದರೆ ಒಳಗೆ ರೋಸ್ ಮಿಲ್ಕ್ ಥರ ಗುಲಾಬಿ ಬಣ್ಣದ ಗಟ್ಟಿ ನೀರು. ಗಾಡಿ 60ರ ಆಸುಪಾಸಿನಲ್ಲಿ ಸಾಲು ಹಂಪ್ ಮೇಲೆ ಹೋದ ಹಾಗೆ ಗಡಗಡ ಅನ್ನುತ್ತದೆ. ಅಷ್ಟು ಹೊತ್ತಿಗೆ ಗೇರ್‌ಬಾಕ್ಸ್ ಕತೆ ಮುಗಿದ ಹಾಗೇ. ರೇಡಿಯೇಟರ್ ಹಿಂದೆಯೇ ಬದಲಾಗಿದ್ದರೆ ಬಿಲ್ ಕೇಳು. ಬಿಲ್ ಇಲ್ಲ ಅಂದರೆ, ಗಾಡಿ ತೆಗೆದ ವಾರವೇ ಹೊಸ ರೇಡಿಯೇಟರ್ ಹಾಕಿಸಿ, ಗೇರ್ ಆಯಿಲ್‌ಗೆ ಹೊರಗೆ ಬೇರೆ ಕೂಲರ್ ಕೂರಿಸು. ಅದರ ಖರ್ಚು ಗೇರ್‌ಬಾಕ್ಸ್ ಖರ್ಚಿನ ಎದುರು ಏನೂ ಅಲ್ಲ.

ಇನ್ನೊಂದು, ಟೈಮಿಂಗ್ ಚೈನ್. ಇಂಜಿನ್ ಮುಂದಿನಿಂದ ಸಣ್ಣಗೆ ಕುಯ್ಯ್ ಅಂತ ರಾಗ ಎಳೆಯುತ್ತಿದ್ದರೆ ಆ ಚೈನ್ ಬಿಗಿ ಹಿಡಿಯುವ ಟೆನ್ಷನರ್ ಸವೆದಿದೆ ಅಂತ. ಪಾರ್ಟ್ ದುಬಾರಿಯಲ್ಲ, ಬಿಚ್ಚಿ ಜೋಡಿಸುವ ಕೂಲಿ ಜಾಸ್ತಿ.

ಜಿಸಿಸಿ ಗಾಡಿನಾ, ಅಂದರೆ ಗಲ್ಫ್ ದೇಶಗಳಿಗೆ ಅಂತಲೇ ಮಾಡಿದ್ದಾ, ಅಮೆರಿಕದಿಂದ ತಂದದ್ದಾ ಅಂತಲೂ ನೋಡು. ಅಲ್ಲಿ ಗುದ್ದಿಸಿಕೊಂಡು ಹರಾಜಾದ ಗಾಡಿಗಳು ಇಲ್ಲಿಗೆ ಬಂದು ಬಣ್ಣ ಬಳಿದುಕೊಂಡು ನಿಲ್ಲುತ್ತವೆ. ಎಕ್ಸ್‌ಟೆರಾ ತಯಾರಾದದ್ದೇ ಅಮೆರಿಕದಲ್ಲಿ, ಹಾಗಾಗಿ ಚಾಸಿ ನಂಬರ್ ಎಲ್ಲಿಂದ ಶುರುವಾಗುತ್ತದೆ ಅಂತ ನೋಡಿ ಪ್ರಯೋಜನ ಇಲ್ಲ. ಮೀಟರ್‌ನಲ್ಲಿ ಮೈಲಿ ದೊಡ್ಡದಾಗಿ ಬರೆದಿದ್ದರೆ ಅಮೆರಿಕದ್ದು. ಹೈವೇಯಲ್ಲಿ 120 ದಾಟಿದ ಕೂಡಲೇ ಟಿಂಗ್ ಟಿಂಗ್ ಅಂತ ತಲೆ ತಿಂದರೆ ಜಿಸಿಸಿಯದ್ದು.

2024ರ ಏಪ್ರಿಲ್ 16ರ ಮಳೆ ನೀನು ನೋಡಿಲ್ಲ. ಅಲ್‌ ಐನ್‌ನಲ್ಲಿ ಒಂದು ದಿನದೊಳಗೆ 254 ಮಿಲಿಮೀಟರ್ ಸುರಿಯಿತು. ನಮ್ಮ ಮಲೆನಾಡಿಗೇ ಅದು ಜೋರು ಮಳೆ, ಇಲ್ಲಿ ಕೇಳಬೇಕಾ. ರಸ್ತೆಯಲ್ಲೇ ಗಾಡಿಗಳು ಮುಳುಗಿ ನಿಂತವು. ಅಂಥದ್ದು ಈಗ ತೊಳೆದು ಒಣಗಿ ಮಾರಾಟಕ್ಕೆ ಬಂದಿರಬಹುದು. ಸೀಟ್‌ಬೆಲ್ಟ್ ಕೊನೆಯವರೆಗೆ ಎಳೆದು ನೋಡು. ಎಲ್ಲ ತೊಳೆಯುವವರು ಅದರ ತುದಿ ಮರೆತುಬಿಡುತ್ತಾರೆ, ಅಲ್ಲಿ ಮಣ್ಣಿನ ಗೆರೆ ಉಳಿದಿರುತ್ತದೆ.

ಮರಳಲ್ಲಿ ಎಷ್ಟು ಕುಣಿಸಿದ್ದಾರೆ ಅನ್ನುವುದನ್ನು ಕೆಳಗೆ ಮಲಗಿಯೇ ನೋಡಬೇಕು. ಇಂಜಿನ್ ಕೆಳಗಿನ ತಗಡು ಬಿಚ್ಚಿಸು. ಸೇರುಗಟ್ಟಲೆ ಕೆಂಪು ಮರಳು ಸುರಿದರೆ ಅದು ಬದಾಯರ್ ಮರಳುಗಾಡಿನ ಕಡೆ ವಾರವಾರ ಹೋದ ಗಾಡಿ. ಹೋದದ್ದು ತಪ್ಪಲ್ಲ ಬಿಡು, ನಾವೂ ಅದಕ್ಕೇ ತಗೊಳ್ಳುವುದು. ಆದರೆ ಬಂಪರ್ ಕ್ಲಿಪ್ ಮುರಿದು, ಚಕ್ರ ಹಿಡಿದಿರುವ ಆರ್ಮ್ ಬಗ್ಗಿ, ಆಕ್ಸಲ್‌ನ ರಬ್ಬರ್ ಬೂಟ್ ಹರಿದಿದ್ದರೆ ದಿಬ್ಬದಿಂದ ದಿಬ್ಬಕ್ಕೆ ಹಾರಿಸಿದ್ದಾರೆ ಅಂತಲೇ ಅರ್ಥ. ಉಲ್ಟಾ ಕೂಡ ಉಂಟು. ಬರೀ ಮಕ್ಕಳನ್ನು ಸ್ಕೂಲಿಗೆ ಬಿಟ್ಟ ಗಾಡಿಯಲ್ಲಿ ಫೋರ್ ವೀಲ್ ಹಾಕಿದರೆ ಬೀಳುವುದೇ ಇಲ್ಲ. ಖಾಲಿ ಜಾಗದಲ್ಲಿ 4ಎಲ್, ಅಂದರೆ ಫೋರ್ ವೀಲ್‌ನ ನಿಧಾನದ ಗೇರ್, ಹಾಕಿ ನಾಲ್ಕು ಹೆಜ್ಜೆ ಓಡಿಸಿ ನೋಡು.

ಖರ್ಚಿನ ಮಾತಿಗೆ ಬರೋಣ. 17 ಸಾವಿರಕ್ಕೆ ತೆಗೆದರೆ ಮೊದಲ ವರ್ಷಕ್ಕೆ ಇನ್ನೂ 6 ಸಾವಿರ ಬ್ಯಾಂಕಲ್ಲಿ ಮುಟ್ಟದೆ ಇಡು. ಇದು ನನ್ನ ಅನುಭವದ ಲೆಕ್ಕ. ಟೈರ್ ಐದು ವರ್ಷ ದಾಟಿದ್ದರೆ ರಿಜಿಸ್ಟ್ರೇಷನ್‌ಗೆ ಮುಂಚಿನ ಪಾಸಿಂಗ್ ಆಗುವುದಿಲ್ಲ, ಟೈರಿನ ಗೆರೆ ಎಷ್ಟೇ ಆಳ ಇರಲಿ. ಟೈರ್ ಪಕ್ಕದ ನಾಲ್ಕು ಅಂಕಿ ಓದು, 2321 ಅಂದರೆ 2021ರ 23ನೇ ವಾರ. ಇಷ್ಟು ಹಳೇ ಗಾಡಿಗೆ ಇನ್ಶೂರೆನ್ಸ್ ಹೆಚ್ಚಾಗಿ ಥರ್ಡ್ ಪಾರ್ಟಿ ಮಾತ್ರ ಸಿಗುವುದು. ದಿಬ್ಬದಲ್ಲಿ ಮಗುಚಿದರೆ ನಷ್ಟ ಪೂರ್ತಿ ನಿನ್ನದೇ. ಪೆಟ್ರೋಲ್ ವಿಷಯ ಹೇಳಿ ಹೆದರಿಸುವುದಿಲ್ಲ, ಮೊದಲ ತಿಂಗಳೇ ಗೊತ್ತಾಗುತ್ತದೆ.

ಸಾಲ ಮಾಡಿ ಮಾತ್ರ ತೆಗೆಯಬೇಡ. ನಿನ್ನ ವೀಸಾ ಇರುವುದು ಎರಡು ವರ್ಷದ್ದು. ಕೆಲಸ ಹೋದರೆ ಗಾಡಿ ಅವಸರದಲ್ಲಿ ಮಾರಬೇಕು, ಅವಸರದಲ್ಲಿರುವವನಿಗೆ ಇಲ್ಲಿ ಯಾರೂ ಸರಿ ಬೆಲೆ ಕೊಡುವುದಿಲ್ಲ. ನನ್ನ 9 ಸಾವಿರ ನೆನಪಿದೆ ಅಲ್ವಾ?

ಶನಿವಾರ ಬೆಳಗ್ಗೆ ನಾನೂ ಬರುತ್ತೇನೆ. ಗಾಡಿ ಹಿಂದಿನ ರಾತ್ರಿಯಿಂದ ಸ್ಟಾರ್ಟ್ ಮಾಡದೆ ಇಟ್ಟಿರಲಿ ಅಂತ ಮಾಲೀಕನಿಗೆ ಈಗಲೇ ಹೇಳು. ಬಿಸಿ ಇಂಜಿನ್‌ನಲ್ಲಿ ರೇಡಿಯೇಟರ್ ಮುಚ್ಚಳ ತೆಗೆಯಲೇಬಾರದು, ಕುದಿಯುವ ನೀರು ಮೈಮೇಲೆ ಚಿಮ್ಮುತ್ತದೆ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡುತ್ತೇನೆ. ಬೆಚ್ಚಗಿದ್ದರೆ ಸುಮ್ನೆ ಚಾ ಕುಡಿದು ವಾಪಸ್ ಬರೋಣ.