‘ಮೊಟ್ಟೆ ಖಾಲಿ ಆಗಿದೆಯಂತೆ ಮೇಡಂ’

ಸುಧಾ (ಹೆಸರು, ಕೆಲವು ವಿವರ ಬದಲಿಸಿದ್ದೇನೆ) 33 ವರ್ಷದ ಶಾಲಾ ಶಿಕ್ಷಕಿ. ಮಗುವಿಗಾಗಿ ಪ್ರಯತ್ನ ಶುರುಮಾಡಿ ಎರಡು ವರ್ಷ ದಾಟಿತ್ತು. ಐವಿಎಫ್‌ಗೆ (ಮೊಟ್ಟೆ, ವೀರ್ಯಾಣುಗಳನ್ನು ಲ್ಯಾಬಿನಲ್ಲಿ ಸೇರಿಸಿ ಭ್ರೂಣ ಮಾಡುವ ಚಿಕಿತ್ಸೆ) ಮುಂಚೆ ಒಮ್ಮೆ ಮಾತಾಡಿ ಬನ್ನಿ ಅಂತ ಡಾಕ್ಟರು ಗಂಡ-ಹೆಂಡತಿ ಇಬ್ಬರನ್ನೂ ಕೌನ್ಸೆಲಿಂಗ್‌ಗೆ ನನ್ನ ಹತ್ತಿರ ಕಳಿಸಿದ್ದರು.

ರಿಪೋರ್ಟಿನಲ್ಲಿ ‘ಎಎಂಎಚ್ 0.8’ ಎಂಬ ಸಾಲಿಗೆ ಕೆಂಪು ಪೆನ್ನಿನಲ್ಲಿ ಎರಡು ಸುತ್ತು ಬಿದ್ದಿತ್ತು. ಹಾಕಿದ್ದು ಡಾಕ್ಟರಲ್ಲ, ಸುಧಾ ಅವರೇ. “ಮೊಟ್ಟೆ ಖಾಲಿ ಆಗಿದೆಯಂತೆ ಮೇಡಂ. ಅತ್ತೆಗೆ ಏನಂತ ಹೇಳಲಿ?” ಖಾಲಿ ಅಂದವರು ಯಾರು ಅಂತ ಕೇಳಿದೆ. ಮೊಬೈಲಿನಲ್ಲಿ ಹುಡುಕಿ ನೋಡಿದ ನಾದಿನಿ!

0.8 ಕಡಿಮೆ, ನಿಜ. ಆದರೆ ಖಾಲಿ ಅಲ್ಲ. ಅಂಡಾಶಯದಲ್ಲಿ ಬೆಳೆಯುತ್ತಿರುವ ಸಣ್ಣ ಫಾಲಿಕಲ್‌ಗಳಿಂದ (ಮೊಟ್ಟೆ ಬೆಳೆಯುವ ಪುಟ್ಟ ಚೀಲಗಳು) ಬರುವ ಹಾರ್ಮೋನು ಎಎಂಎಚ್. ಮುಟ್ಟಿನ ಆರಂಭದ ದಿನಗಳಲ್ಲಿ ಸ್ಕ್ಯಾನ್ ಮಾಡಿ 2ರಿಂದ 10 ಮಿಲಿಮೀಟರಿನ ಫಾಲಿಕಲ್‌ಗಳನ್ನು ಎಣಿಸುತ್ತಾರಲ್ಲ, ಅದೂ ಇದೇ ಲೆಕ್ಕ. ಸುಧಾಗೆ ಎರಡೂ ಕಡೆ ಸೇರಿ ಆರು ಕಂಡಿತ್ತು. ಮೊಟ್ಟೆ ಬೆಳೆಸುವ ಇಂಜೆಕ್ಷನ್ ಕೊಟ್ಟರೆ ಸುಮಾರು ಎಷ್ಟು ಮೊಟ್ಟೆ ಸಿಗಬಹುದು, ಡೋಸ್ ಎಷ್ಟಿರಬೇಕು ಅಂತ ಅಂದಾಜಿಸಲು ಇವೆರಡೂ ಬೇಕು. ಮೊಟ್ಟೆಯ ಗುಣಮಟ್ಟವನ್ನು ಮಾತ್ರ ಇವು ಹೇಳಲ್ಲ. ಕಣಜದಲ್ಲಿ ಎಷ್ಟು ಕಾಳಿದೆ ಅಂತ ಗೊತ್ತಾದರೆ ಎಷ್ಟು ಮೊಳಕೆ ಬರುತ್ತೆ ಅಂತ ಗೊತ್ತಾಗುತ್ತಾ? ಅದಕ್ಕೆ ಹೆಚ್ಚಾಗಿ ವಯಸ್ಸನ್ನೇ ನೋಡಬೇಕು. 33 ಆ ಲೆಕ್ಕದಲ್ಲಿ ಕೆಟ್ಟ ವಯಸ್ಸೇನಲ್ಲ.

ಹಳೇ ಫೈಲಿನಲ್ಲಿ ಒಂದು ಕಾರಣವೂ ಸಿಕ್ಕಿತು. 27ರಲ್ಲಿ ಎಡ ಅಂಡಾಶಯದ ಚಾಕೊಲೇಟ್ ಸಿಸ್ಟ್‌ಗೆ (ಹಳೇ ರಕ್ತ ತುಂಬಿದ ಗಡ್ಡೆ) ಆಪರೇಷನ್ ಆಗಿತ್ತು. ಗಡ್ಡೆ ತೆಗೆಯುವಾಗ ಪಕ್ಕದ ಒಳ್ಳೆಯ ಭಾಗವೂ ಸ್ವಲ್ಪ ಹೋಗಬಹುದು. “ತಡವಾಗಿ ಮದುವೆಯಾದೆ, ಅದಕ್ಕೇ ಹೀಗೆ” ಅಂತ ಅಲ್ಲಿವರೆಗೆ ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

ಸುಧಾ ಅವರ ಇನ್ನೊಂದು ಭಯ ನನಗೆ ಪದೇಪದೇ ಕೇಳಿಬರುವಂಥದ್ದು. “ಇರೋದೇ ಕಮ್ಮಿ. ಇಂಜೆಕ್ಷನ್ ಕೊಟ್ಟು ಒಟ್ಟಿಗೆ ತೆಗೆದರೆ ಇರೋದೂ ಮುಗಿಯಲ್ವಾ?” ಮುಗಿಯಲ್ಲ. ಹುಟ್ಟುವಾಗ ಹೆಣ್ಣುಮಗುವಿನಲ್ಲಿ 10ರಿಂದ 20 ಲಕ್ಷ ಮೊಟ್ಟೆ ಇರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು-ನಾಲ್ಕು ಲಕ್ಷಕ್ಕೆ ಇಳಿಯುತ್ತವೆ. ಜೀವಮಾನದಲ್ಲಿ ಬಿಡುಗಡೆಯಾಗೋದು ಬರೀ 400ರಷ್ಟು. ಪ್ರತಿ ತಿಂಗಳೂ ಒಂದು ಗುಂಪು ಬೆಳೆಯಲು ಹೊರಡುತ್ತೆ, ಸಾಮಾನ್ಯವಾಗಿ ಒಂದೇ ಪೂರ್ತಿ ಬಲಿಯುತ್ತೆ, ಉಳಿದವು ಅಲ್ಲೇ ಕರಗಿಹೋಗುತ್ತವೆ. ಹಾಗೆ ಕರಗಬೇಕಿದ್ದವನ್ನೇ ಇಂಜೆಕ್ಷನ್ ಬೆಳೆಸೋದು. ಮುಂದಿನ ತಿಂಗಳುಗಳ ಪಾಲಿಗೆ ಕೈಹಾಕಲ್ಲ. ಇದನ್ನು ಕೇಳಿ ಸುಧಾ ಕೈಯಲ್ಲಿದ್ದ ರಿಪೋರ್ಟನ್ನು ಮೊದಲ ಬಾರಿ ಮೇಜಿನ ಮೇಲಿಟ್ಟರು.

ಆರು ಫಾಲಿಕಲ್ ಅಂದರೆ ಆರು ಭ್ರೂಣ ಅಲ್ಲ ಅಂತಲೂ ಹೇಳಿದೆ. ಕೆಲವದರಲ್ಲಿ ಮೊಟ್ಟೆ ಸಿಗಲ್ಲ, ಸಿಕ್ಕಿದ್ದೆಲ್ಲ ಬಲಿತಿರಲ್ಲ, ಬಲಿತದ್ದೆಲ್ಲ ಫಲಿಸಲ್ಲ. ಈ ಮಾತು ಮೊದಲೇ ಕಿವಿಗೆ ಬಿದ್ದಿರಬೇಕು, ಇಲ್ಲದಿದ್ದರೆ ಲ್ಯಾಬಿನಿಂದ ಬರುವ ಪ್ರತಿ ಫೋನೂ ಆಘಾತ.

ಗಂಡ ಕೇಳಿದರು, “ಆರು ತಿಂಗಳು ಪುಡಿ-ಮಾತ್ರೆ ತಗೊಂಡು ಎಎಂಎಚ್ ಜಾಸ್ತಿ ಮಾಡ್ಕೊಂಡು ಬಂದರೆ?” ಆನ್‌ಲೈನಿನಲ್ಲಿ ಆಗಲೇ ಆರ್ಡರ್ ಹಾಕಿದ್ದರಂತೆ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಬೇಡ ಅಂದೆ. ಹೊಸ ಮೊಟ್ಟೆ ಹುಟ್ಟಿಸುವ ಮಾತ್ರೆ ಯಾವುದೂ ಇಲ್ಲ. ಮೊಟ್ಟೆಯ ಮೀಸಲು ಕಡಿಮೆ ಇದ್ದಾಗ ಸುಮ್ನೆ ಕಾಯೋದೇ ನಷ್ಟ. ಫಾಲಿಕಲ್‌ನ ಕೊನೆಯ ಹಂತದ ಬೆಳವಣಿಗೆಗೆ ಮೂರು ತಿಂಗಳು ಹತ್ತಿರ ಬೇಕು. ಆದ್ದರಿಂದ ನಿದ್ದೆ, ಊಟ, ಫೋಲಿಕ್ ಆಸಿಡ್, ಗಂಡ ಸಿಗರೇಟು ಬಿಡೋದು, ಎಲ್ಲ ಇವತ್ತೇ ಶುರುವಾಗಲಿ. ಅದಕ್ಕೋಸ್ಕರ ಚಿಕಿತ್ಸೆ ಮುಂದೂಡಬೇಡಿ ಅಂದೆ.

ಫೈಲನ್ನು ಪೂರ್ತಿ ತಿರುವಿಹಾಕಿದರೂ ವೀರ್ಯ ಪರೀಕ್ಷೆಯ ರಿಪೋರ್ಟ್ ಕಾಣಲಿಲ್ಲ. “ನನಗೇನಿಲ್ಲ ಮೇಡಂ, ಚೆನ್ನಾಗೇ ಇದ್ದೀನಿ” ಅಂದರು. ಎರಡು ವರ್ಷ ಸೂಜಿ, ಸ್ಕ್ಯಾನು ಎಲ್ಲ ಒಬ್ಬರ ಮೈಮೇಲೇ! ಆ ವಾರವೇ ಮಾಡಿಸಿ ಅಂದೆ. ವೀರ್ಯಾಣುಗಳ ಚಲನೆ ಕಡಿಮೆ ಬಂತು. ಡಾಕ್ಟರು ಇಬ್ಬರ ರಿಪೋರ್ಟನ್ನೂ ಇಟ್ಟುಕೊಂಡು ಯೋಜನೆ ಬದಲಿಸಿದರು. ವೀರ್ಯಾಣುವನ್ನು ನೇರವಾಗಿ ಮೊಟ್ಟೆಯೊಳಗೆ ಸೇರಿಸುವ ಇಕ್ಸಿ ಮಾಡೋದು ಅಂತ ತೀರ್ಮಾನವಾಯಿತು.

ಅತ್ತೆಗೆ ಹೇಳಬೇಕಾದ್ದನ್ನು ಮಗನೇ ಹೇಳಲಿ ಅಂದಿದ್ದೆ. “ಇಬ್ಬರಿಗೂ ಚಿಕಿತ್ಸೆ ನಡೀತಿದೆ ಅಮ್ಮ” ಅಂತ ಅಷ್ಟೇ. ರಿಪೋರ್ಟಿನ ನಂಬರು ಯಾರಿಗೂ ಬೇಡ, ನಾದಿನಿಗಂತೂ ಬೇಡವೇ ಬೇಡ.