‘ಹೊಸಬಳು ಅಂತ ಗೊತ್ತಾಗಿಬಿಡುತ್ತೆ’

ಸ್ವಂತ ಉದ್ಯಮ ಶುರು ಮಾಡಿದವರು ನಿದ್ದೆ ಬರುತ್ತಿಲ್ಲ, ಎದೆ ಹೊಡೆದುಕೊಳ್ಳುತ್ತೆ ಎಂದು ಆಪ್ತಸಲಹೆಗೆ ನನ್ನ ಬಳಿ ಬರುವುದು ಹೆಚ್ಚಾಗಿದೆ. ಮಾತು ಬಿಚ್ಚಿದರೆ ಅನೇಕರಲ್ಲಿ ಸಿಗುವುದು ಒಂದೇ: ಗೊತ್ತಿಲ್ಲದ್ದನ್ನು ಕೇಳಲು ನಾಚಿಕೆ. ಅದಕ್ಕೇ ಈ ಪ್ರಕರಣ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಆಕೆ ಕಚೇರಿ ಕೆಲಸ ಬಿಟ್ಟು ಬಟ್ಟೆ ಚೀಲ ಹೊಲಿಸಿ ಮಾರಲು ಹೊರಟವರು. ಮೊದಲ ಸಲಕ್ಕೇ 500 ಮೀಟರ್ ಬಟ್ಟೆ ತರಿಸಿದರು. ಬಂದದ್ದು ತೆಳು, ಭಾರ ಹಾಕಿದರೆ ಹಿಡಿಕೆಯ ಬುಡದಲ್ಲೇ ಹರಿಯುತ್ತಿತ್ತು.

ಆ ಖರೀದಿಯ ಫೋನ್ ಮಾತನ್ನು ನಡೆದ ಹಾಗೇ ಹೇಳಿ ಎಂದೆ.

“ಎಷ್ಟು ಜಿಎಸ್‌ಎಂ ಬೇಕು ಅಂದ್ರು ಮೇಡಂ. ಎಲ್ಲರಿಗೂ ಕೊಡೋದನ್ನೇ ಕೊಡಿ ಅಂದೆ.”

“ಹಾಗಂದ್ರೇನು ಅಂತ ಯಾಕೆ ಕೇಳಲಿಲ್ಲ?”

“ಕೇಳಿದ್ರೆ ಹೊಸಬಳು ಅಂತ ಗೊತ್ತಾಗಿಬಿಡುತ್ತಲ್ಲ.”

“ನಿಮ್ಮ ಉತ್ತರ ಕೇಳಿದ ಮೇಲೂ ಅವರಿಗೆ ಗೊತ್ತಾಗದೆ ಇರುತ್ತಾ?”

ಸುಮಾರು ಹೊತ್ತು ಸುಮ್ಮನಿದ್ದರು. “ಹಾಗಾದ್ರೆ ಕೇಳಿಬಿಡಬಹುದಿತ್ತು” ಎಂದರು.

ಇಂಥ ಕಡೆ ‘ನಿಮಗೆ ಸಾಮರ್ಥ್ಯವಿದೆ, ಧೈರ್ಯವಾಗಿರಿ’ ಎನ್ನುವುದು ರೂಢಿ. ನಾನು ಹೇಳಲಿಲ್ಲ. 1978ರಲ್ಲಿ ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್, ಸುಝಾನ್ ಐಮ್ಸ್ ವಿವರಿಸಿದ ‘ಇಂಪೋಸ್ಟರ್’ (ಸೋಗುಗಾರ) ಭಾವನೆ, ಸಾಧನೆ ಮಾಡಿಯೂ ತಾವು ಯೋಗ್ಯರಲ್ಲ ಅಂದುಕೊಳ್ಳುವವರದು. ಈಕೆಗೆ ನಿಜವಾಗಿಯೂ ಗೊತ್ತಿರಲಿಲ್ಲ. ಬರೀ ಧೈರ್ಯ ತುಂಬಿ ಕಳಿಸಿದರೆ ಮುಂದಿನ ಆರ್ಡರ್ 1000 ಮೀಟರ್ ಆಗುತ್ತದೆ. ಆಪ್ತಸಲಹೆಗಾರರಿಗೆ ಬಟ್ಟೆ ವ್ಯವಹಾರದ ಉಸಾಬರಿ ಯಾಕೆ ಎನ್ನುವವರಿದ್ದಾರೆ. ಆಕೆಯ ನಿದ್ದೆ ಕೆಟ್ಟದ್ದೇ ಅಲ್ಲಿ.

ಕೊಟ್ಟ ಸಲಹೆ ಇಷ್ಟು. ಮಾತು ಶುರುವಾಗುವಾಗಲೇ “ನಾನು ಇದಕ್ಕೆ ಹೊಸಬಳು, ಬಿಡಿಸಿ ಹೇಳಿ” ಅನ್ನಬೇಕು. ಒಂದೇ ಪ್ರಶ್ನೆಗಳನ್ನು ಮೂವರು ವ್ಯಾಪಾರಿಗಳಿಗೆ ಕೇಳಿ ಉತ್ತರ ಬರೆದುಕೊಳ್ಳಬೇಕು. ಉತ್ತರಗಳು ಎಲ್ಲಿ ಬೇರೆಯಾಗುತ್ತವೋ ಅಲ್ಲೇ ಕಲಿಯಬೇಕಾದ್ದು ಇರುತ್ತದೆ. ಮಾತಾಡಿದ ದಿನವೇ ಮುಂಗಡ ಬೇಡ. ಮೊದಲು 5 ಮೀಟರ್ ತರಿಸಿ, ಒಗೆದು, ಒಣಗಿಸಿ, ಎಷ್ಟು ಕುಗ್ಗಿತೆಂದು ಅಳೆದು, ಆಮೇಲೆ ಕತ್ತರಿಸಿ ಹೊಲಿಸುವುದು. ಚೀಲಕ್ಕೆ 5 ಕಿಲೋ ತುಂಬಿ ರಾತ್ರಿಯಿಡೀ ನೇತುಹಾಕಿ ಹೊಲಿಗೆ ನೋಡುವುದು. ಮನೆ ಖರ್ಚಿಗೆ ಕೈ ಹಾಕದೆ ಎಷ್ಟು ಹೋದರೂ ತಡೆದುಕೊಳ್ಳಬಲ್ಲೆ ಎಂಬ ಮೊತ್ತ ಬರೆದಿಟ್ಟು, ಕಲಿಯುವ ಖರ್ಚು ಅದರೊಳಗೇ ಇರಬೇಕು. ಉದ್ಯಮದ ಅಧ್ಯಯನದಲ್ಲಿ ಸಂಶೋಧಕಿ ಸರಸ್ ಸರಸ್ವತಿ 2001ರ ಪ್ರಬಂಧದಲ್ಲಿ ಮುಂದಿಟ್ಟ ವಿಚಾರವೂ ಇದೇ: ಬರಬಹುದಾದ ಲಾಭಕ್ಕಿಂತ ತಾಳಬಲ್ಲ ನಷ್ಟವನ್ನು ಮೊದಲು ನೋಡುವುದು.

ಮುಂದಿನ ಭೇಟಿಗೆ ಆಕೆ ನೋಟ್‌ಬುಕ್ ತಂದಿದ್ದರು. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂಗಳಲ್ಲಿ. 10 ಸೆಂ.ಮೀ. ಚೌಕದ ತುಂಡನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ 100ರಿಂದ ಗುಣಿಸಿದರೆ ಆಯಿತು; 2 ಗ್ರಾಂ ಬಂದರೆ 200. ಒಬ್ಬ ವ್ಯಾಪಾರಿ ಅದನ್ನು ಸಮಾಧಾನವಾಗಿ ಹೇಳಿಕೊಟ್ಟರಂತೆ. ಇನ್ನೊಬ್ಬರು ಬೇಸರದಿಂದ ಫೋನ್ ಇಟ್ಟರು. ಅವರನ್ನು ಆಕೆ ಪಟ್ಟಿಯಿಂದ ತೆಗೆದರು.

ಲೆಕ್ಕಪತ್ರ ನೋಡುವವರ ಮುಂದೆ ಮಾತ್ರ ಇನ್ನೂ ಬಾಯಿ ಕಟ್ಟುತ್ತದೆ. ಸದ್ಯಕ್ಕೆ ಪ್ರಶ್ನೆಗಳನ್ನು ಹಿಂದಿನ ದಿನವೇ ಬರೆದು ಕಳಿಸುತ್ತಿದ್ದಾರೆ.