ವಿಜ್ಞಾನವೂ ಒಂದು ನಂಬಿಕೆ ತಾನೇ?

ಪ್ರಶ್ನೆ: ನನ್ನ ಆಪ್ತ ಸ್ನೇಹಿತನೊಬ್ಬ ತುಂಬಾ ದೈವಭಕ್ತ. ಅವನ ವಾದ ಹೀಗಿದೆ: "ನೀನು ಪರಮಾಣುವನ್ನು ಕಂಡಿಲ್ಲ, ಆದರೂ ನಂಬುತ್ತೀಯ. ನಾನು ದೇವರನ್ನು ಕಂಡಿಲ್ಲ, ಆದರೂ ನಂಬುತ್ತೇನೆ. ಪ್ರಕೃತಿಯ ನಿಯಮ ನಾಳೆಯೂ ಹೀಗೇ ಇರುತ್ತದೆ ಅನ್ನುವುದಕ್ಕೆ ವಿಜ್ಞಾನಿಗಳ ಹತ್ತಿರ ಪುರಾವೆ ಇಲ್ಲ, ಅದೂ ನಂಬಿಕೆಯೇ. ಮತ್ತೆ ನಿನಗೂ ನನಗೂ ಏನು ವ್ಯತ್ಯಾಸ?" ನನಗೆ ಉತ್ತರ ಹೊಳೆಯಲಿಲ್ಲ. ನೀವೇನು ಹೇಳುತ್ತೀರಿ?

ಉತ್ತರ: ನಿಮ್ಮ ಸ್ನೇಹಿತರ ಮಾತಿನಲ್ಲಿ ನಿಜ ಇದೆ. ಮೊದಲು ಅದನ್ನು ಒಪ್ಪಿಕೊಳ್ಳೋಣ. ವಿಜ್ಞಾನದಲ್ಲಿ ನಂಬಿಕೆಗೆ ಜಾಗವೇ ಇಲ್ಲ, ಎಲ್ಲವೂ ಪುರಾವೆ ಎಂದು ಕೆಲವರು ಜೋರಾಗಿ ಹೇಳುತ್ತಾರಲ್ಲ, ಅದು ತಪ್ಪು.

ನಾಳೆಯೂ ಪ್ರಕೃತಿ ಇವತ್ತಿನ ಹಾಗೇ ನಡೆಯುತ್ತದೆ ಎನ್ನುವುದನ್ನು ತರ್ಕದಿಂದ ಸಾಧಿಸಲು ಆಗುವುದಿಲ್ಲ. ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 18ನೇ ಶತಮಾನದಲ್ಲೇ ಇದನ್ನು ಎತ್ತಿ ತೋರಿಸಿದರು. ಇಲ್ಲಿಯವರೆಗೆ ಹೀಗೇ ನಡೆದಿದೆ, ಹಾಗಾಗಿ ಮುಂದೆಯೂ ನಡೆಯುತ್ತದೆ ಅಂದರೆ, ಯಾವುದನ್ನು ಸಾಧಿಸಬೇಕಿತ್ತೋ ಅದನ್ನೇ ಮೊದಲು ಒಪ್ಪಿಕೊಂಡು ಹೊರಟ ಹಾಗಾಯಿತು ಅಲ್ವಾ? ಈ ಗಂಟನ್ನು ಎಲ್ಲರೂ ಒಪ್ಪುವ ಹಾಗೆ ಇವತ್ತಿನವರೆಗೂ ಯಾರೂ ಬಿಡಿಸಿಲ್ಲ.

ಆದರೆ ಇದು ವಿಜ್ಞಾನಿಗಳು ಮಾತ್ರ ಇಟ್ಟುಕೊಂಡಿರುವ ನಂಬಿಕೆ ಅಲ್ಲ. ಎದ್ದು ಹೆಜ್ಜೆ ಇಡುವ ಪ್ರತಿಯೊಬ್ಬರೂ, ನೆಲ ನಿನ್ನೆಯ ಹಾಗೇ ಇವತ್ತೂ ತಡೆದುಕೊಳ್ಳುತ್ತದೆ ಎಂದುಕೊಂಡೇ ಹೆಜ್ಜೆ ಇಡುತ್ತಾರೆ. ಭಕ್ತರೂ ಅಷ್ಟೇ, ನಾಸ್ತಿಕರೂ ಅಷ್ಟೇ. ಧರ್ಮ ಇದನ್ನು ಬಿಟ್ಟು ಹೊರಡುವುದಿಲ್ಲ. ಇದನ್ನೂ ಇಟ್ಟುಕೊಂಡು, ಇದರ ಮೇಲೆ ದೇವರು, ಆತ್ಮ, ಸತ್ತ ಮೇಲಿನ ಬದುಕು ಎಂದು ಇನ್ನಷ್ಟನ್ನು ಸೇರಿಸುತ್ತದೆ. ಎಲ್ಲರಿಗೂ ಸೇರಿದ ಒಂದು ಊಹೆಯನ್ನು ತೋರಿಸಿ, ನೋಡು ನಿನ್ನದೂ ನನ್ನದೂ ಸಮ ಅನ್ನುವ ಲೆಕ್ಕ ಇಲ್ಲೇ ತಪ್ಪುತ್ತದೆ.

ಇದಕ್ಕಿಂತ ಮುಖ್ಯ ಅನಿಸುವುದು ಇನ್ನೊಂದು. ಸಾಧಿಸಲು ಆಗದ ಊಹೆ ಅಂತ ವಿಜ್ಞಾನಿಗಳು ಅದನ್ನು ಮುಟ್ಟದೆ ಇಟ್ಟಿಲ್ಲ. ಎಲ್ಲೆಲ್ಲಿ ಪರೀಕ್ಷಿಸಲು ಸಾಧ್ಯವೋ ಅಲ್ಲೆಲ್ಲ ಪರೀಕ್ಷಿಸುತ್ತಲೇ ಇದ್ದಾರೆ. 1987ರ ಫೆಬ್ರವರಿಯಲ್ಲಿ ನಮ್ಮ ನೆರೆಯ ಗ್ಯಾಲಕ್ಸಿಯೊಂದರಲ್ಲಿ ನಕ್ಷತ್ರವೊಂದು ಸಿಡಿದದ್ದು ಕಾಣಿಸಿತು. ಆ ಬೆಳಕು ಅಲ್ಲಿಂದ ಹೊರಟದ್ದು ಸುಮಾರು 1 ಲಕ್ಷ 68 ಸಾವಿರ ವರ್ಷಗಳ ಹಿಂದೆ. ಮುಂದಿನ ತಿಂಗಳುಗಳಲ್ಲಿ ಅದು ಮಂಕಾಗುತ್ತಾ ಹೋದ ವೇಗವನ್ನು ಅಳೆದು ನೋಡಿದರೆ, ಸ್ಫೋಟದ ಅವಶೇಷವನ್ನು ಬೆಳಗಿಸುತ್ತಿದ್ದ ಕೋಬಾಲ್ಟ್-56 ಎಂಬ ವಿಕಿರಣಶೀಲ ಪರಮಾಣು ಕ್ಷಯಿಸುವ ವೇಗಕ್ಕೆ ಸರಿಯಾಗಿ ಹೊಂದುತ್ತಿತ್ತು. ಸುಮಾರು 77 ದಿನಕ್ಕೆ ಅರ್ಧ. ಇಲ್ಲಿ ಪ್ರಯೋಗಾಲಯದಲ್ಲಿ ಅಳೆದಾಗ ಬರುವುದೂ ಅದೇ 77 ದಿನ. ಅಷ್ಟು ದೂರದಲ್ಲಿ, ಅಷ್ಟು ಹಿಂದೆ, ಪರಮಾಣುಗಳು ಇಲ್ಲಿಯ ಹಾಗೇ ನಡೆದುಕೊಂಡಿದ್ದವು. ಇದರಿಂದ ಹ್ಯೂಮ್ ಪ್ರಶ್ನೆಗೆ ಉತ್ತರ ಸಿಕ್ಕಿಬಿಟ್ಟಿತು ಅಂತಲ್ಲ. ಆದರೆ ಬೇರೆ ಅಂಕಿ ಬಂದಿದ್ದರೆ, ನಿಯಮ ಎಲ್ಲ ಕಡೆ ಒಂದೇ ಎಂಬ ಊಹೆಗೆ ದೊಡ್ಡ ಪೆಟ್ಟು ಬೀಳುತ್ತಿತ್ತು.

ಅಂಥ ಪೆಟ್ಟು ಬಿದ್ದದ್ದೂ ಉಂಟು. ಯಾವುದೇ ಘಟನೆಯನ್ನು ಕನ್ನಡಿಯಲ್ಲಿ ನೋಡಿ, ಅಲ್ಲಿ ಕಂಡದ್ದೂ ಪ್ರಕೃತಿಯಲ್ಲಿ ನಡೆಯಬಹುದಾದದ್ದೇ, ಪ್ರಕೃತಿಗೆ ಎಡ ಬಲ ಎಂಬ ಭೇದ ಇಲ್ಲ ಎಂದು ಭೌತವಿಜ್ಞಾನಿಗಳು ದಶಕಗಳ ಕಾಲ ನಂಬಿದ್ದರು. ನಂಬಿದ್ದರು ಅಂತಲೇ ಹೇಳಬೇಕು, ಯಾಕೆಂದರೆ 1956ರಲ್ಲಿ ಲೀ ಮತ್ತು ಯಾಂಗ್ ಎಂಬ ಇಬ್ಬರು ಹಳೆಯ ಪ್ರಯೋಗಗಳನ್ನೆಲ್ಲ ಜಾಲಾಡಿದಾಗ, ಕೆಲವು ವಿಕಿರಣಶೀಲ ಪರಮಾಣುಗಳು ಕ್ಷಯಿಸಲು ಕಾರಣವಾದ, ದುರ್ಬಲ ಬಲ ಎಂದು ಕರೆಯುವ ಬಲದ ಮಟ್ಟಿಗೆ ಇದನ್ನು ಯಾರೂ ಪರೀಕ್ಷಿಸಿಯೇ ಇಲ್ಲ ಎಂದು ಗೊತ್ತಾಯಿತು. ಚಿಯೆನ್-ಶಿಯುಂಗ್ ವೂ ಎಂಬ ವಿಜ್ಞಾನಿ ತಮ್ಮ ಜೊತೆಯವರೊಂದಿಗೆ ಕೋಬಾಲ್ಟ್-60 ಪರಮಾಣುಗಳನ್ನು ಪರಮ ಶೂನ್ಯ ಉಷ್ಣಾಂಶದ ಹತ್ತಿರಕ್ಕೆ ತಣ್ಣಗಾಗಿಸಿ, ಕಾಂತಕ್ಷೇತ್ರದಲ್ಲಿ ಅವುಗಳ ನ್ಯೂಕ್ಲಿಯಸ್‌ಗಳನ್ನು ಒಂದೇ ದಿಕ್ಕಿಗೆ ನಿಲ್ಲಿಸಿ, ಎಲೆಕ್ಟ್ರಾನುಗಳು ಯಾವ ಕಡೆ ಜಾಸ್ತಿ ಹೊರಬೀಳುತ್ತವೆ ಎಂದು ಎಣಿಸಿದರು. ಎರಡೂ ಕಡೆ ಸಮ ಇರಬೇಕಿತ್ತು. ಇರಲಿಲ್ಲ. ವುಲ್ಫ್‌ಗಾಂಗ್ ಪೌಲಿಯಂಥ ದೊಡ್ಡ ವಿಜ್ಞಾನಿ, ಹೀಗಾಗಲು ಸಾಧ್ಯವಿಲ್ಲ ಎಂದು ಬಾಜಿ ಕಟ್ಟಲೂ ಸಿದ್ಧರಿದ್ದರು. 1957ರ ಜನವರಿಯಲ್ಲಿ ಫಲಿತಾಂಶ ಹೊರಬಂದ ಮೇಲೆ ಅವರೂ ಒಪ್ಪಿದರು. ಅದೇ ವರ್ಷ ಲೀ, ಯಾಂಗ್ ಅವರಿಗೆ ನೊಬೆಲ್ ಬಂತು. ಪ್ರಯೋಗ ಮಾಡಿದ ವೂ ಅವರನ್ನು ಅದರಿಂದ ಹೊರಗಿಟ್ಟದ್ದು ಅನ್ಯಾಯ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಆದರೆ ಗಮನಿಸಿ: ಎಲ್ಲರೂ ಒಪ್ಪಿದ್ದ ಒಂದು ಮೂಲ ನಂಬಿಕೆ ಕೆಲವೇ ತಿಂಗಳಲ್ಲಿ ಬಿದ್ದುಹೋಯಿತು, ಅದನ್ನು ಮೊದಲು ಅನುಮಾನಿಸಿದವರಿಗೆ ಅದೇ ವರ್ಷ ಸನ್ಮಾನ ಆಯಿತು.

ಇನ್ನು ಪರಮಾಣು ಕಂಡಿಲ್ಲ ಎಂಬ ಮಾತು. 19ನೇ ಶತಮಾನ ಮುಗಿಯುವ ಹೊತ್ತಿಗೂ ಅರ್ನ್‌ಸ್ಟ್ ಮಾಖ್, ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್ ಥರದ ಹೆಸರಾಂತ ವಿಜ್ಞಾನಿಗಳೇ ಪರಮಾಣುವನ್ನು ನಿಜವಾದ ವಸ್ತು ಎಂದು ಒಪ್ಪುತ್ತಿರಲಿಲ್ಲ. ಕಾಣದ್ದನ್ನು ಯಾಕೆ ಒಪ್ಪಬೇಕು ಎಂದು ನಿಮ್ಮ ಸ್ನೇಹಿತರ ಪ್ರಶ್ನೆಯನ್ನೇ ಅವರೂ ಕೇಳುತ್ತಿದ್ದರು. 1908ರಲ್ಲಿ ಫ್ರಾನ್ಸಿನ ಜೀನ್ ಪೆರಿನ್ ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳಿಗೆ ನೀರಿನ ಅಣುಗಳು ಬಡಿಯುವುದರಿಂದ ಆಗುವ ಅಲುಗಾಟವನ್ನು ಅಳೆಯತೊಡಗಿದರು. ಮರುವರ್ಷದ ಹೊತ್ತಿಗೆ ಓಸ್ಟ್‌ವಾಲ್ಡ್ ತಮ್ಮ ಹಟ ಬಿಟ್ಟು, ಪರಮಾಣು ಇದೆ ಎಂದು ಒಪ್ಪಿಕೊಂಡರು. 1913ರಲ್ಲಿ ಪೆರಿನ್ ಎಲ್ಲವನ್ನೂ ಒಟ್ಟಿಗೆ ಇಟ್ಟು ತೋರಿಸಿದರು: ಆ ಅಲುಗಾಟ, ಆಕಾಶದ ನೀಲಿ, ವಿಕಿರಣಶೀಲತೆ ಹೀಗೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಹತ್ತಕ್ಕೂ ಹೆಚ್ಚು ದಾರಿಗಳಿಂದ ಲೆಕ್ಕ ಹಾಕಿದರೂ ಒಂದು ಮೋಲ್ (ರಸಾಯನವಿಜ್ಞಾನದಲ್ಲಿ ವಸ್ತುವಿನ ಪ್ರಮಾಣ ಹೇಳುವ ಅಳತೆ) ವಸ್ತುವಿನಲ್ಲಿರುವ ಅಣುಗಳ ಸಂಖ್ಯೆ ಹೆಚ್ಚುಕಮ್ಮಿ ಒಂದೇ ಬರುತ್ತದೆ, 6ರ ಮುಂದೆ 23 ಸೊನ್ನೆ ಇಟ್ಟಷ್ಟು. ಪರಮಾಣು ಸುಮ್ನೆ ಕಟ್ಟಿದ ಕಲ್ಪನೆಯಾಗಿದ್ದರೆ ಇಷ್ಟೊಂದು ದಾರಿಗಳು ಒಂದೇ ಕಡೆ ಬಂದು ಸೇರಲು ಕಾರಣವೇ ಇರಲಿಲ್ಲ. ಹಾಗಾಗಿ ಕಂಡಿಲ್ಲ, ಆದರೂ ನಂಬುತ್ತೀಯ ಎಂಬ ಒಂದು ಸಾಲಿನಲ್ಲಿ ಇದು ಹಿಡಿಸುವುದಿಲ್ಲ.

ಸ್ನೇಹಿತರನ್ನು ಒಂದು ಮಾತು ಕೇಳಿ ನೋಡಿ, ವಾದ ಗೆಲ್ಲುವುದಕ್ಕಲ್ಲ, ತಿಳಿದುಕೊಳ್ಳುವುದಕ್ಕೆ: ಏನು ಕಂಡರೆ ನಿನ್ನ ನಂಬಿಕೆ ಬಿಡುತ್ತೀಯ? ಬಹುಶಃ ಏನು ಕಂಡರೂ ಬಿಡುವುದಿಲ್ಲ ಅನ್ನುತ್ತಾರೆ. ಅದನ್ನು ಕೀಳಾಗಿ ನೋಡಬೇಡಿ. ಬೇಡಿದ್ದು ಸಿಗದಿದ್ದಾಗಲೂ, ಪ್ರೀತಿಯವರು ತೀರಿಕೊಂಡಾಗಲೂ ದೇವರನ್ನು ಬಿಡದಿರುವುದನ್ನೇ ಅವರು ಭಕ್ತಿ ಅನ್ನುವುದು. ಅದೊಂದು ಸಂಬಂಧ, ಬದುಕುವ ಒಂದು ರೀತಿ. ಅದನ್ನು ಕೋಬಾಲ್ಟ್ ಲೆಕ್ಕದ ಪಕ್ಕದಲ್ಲಿಟ್ಟು ಎರಡೂ ಒಂದೇ ಅಂದರೆ ವಿಜ್ಞಾನಕ್ಕಿಂತ ಭಕ್ತಿಗೇ ಜಾಸ್ತಿ ನಷ್ಟ. ಆಗ ದೇವರೂ ನಾಳೆ ಹೊಸ ಅಳತೆ ಬಂದರೆ ಕೈಬಿಡಬೇಕಾದ ಒಂದು ಊಹೆ ಆಗಿಬಿಡುತ್ತಾನೆ. ನಿಮ್ಮ ಸ್ನೇಹಿತರಿಗೆ ಅದು ಬೇಕಾಗಿರಲಿಕ್ಕಿಲ್ಲ.

ಪ್ರಶ್ನೆ: ನಾನು ಯಾವ ಪ್ರಯೋಗವನ್ನೂ ಮಾಡಿ ನೋಡಿದವಳಲ್ಲ. ಭೂಮಿಗೆ ಸುಮಾರು 450 ಕೋಟಿ ವರ್ಷ ಎಂದು ಪುಸ್ತಕದಲ್ಲಿ ಓದಿ ನಂಬಿದ್ದೇನೆ. ಧರ್ಮಗುರುಗಳ ಮಾತು ನಂಬುವವರಿಗಿಂತ ನಾನು ಹೇಗೆ ಬೇರೆ?

ಉತ್ತರ: ನೀವೊಬ್ಬರೇ ಅಲ್ಲ, ವಿಜ್ಞಾನಿಗಳೂ ತಮ್ಮ ವಿಷಯ ದಾಟಿದರೆ ನಿಮ್ಮ ಹಾಗೇ. ಪಳೆಯುಳಿಕೆ ಅಗೆಯುವವರು ಬಂಡೆಯ ವಯಸ್ಸಿಗೆ ಬೇರೆಯವರ ಅಳತೆಯನ್ನು ನಂಬುತ್ತಾರೆ, ಆ ಅಳೆದವರು ತಮ್ಮ ಯಂತ್ರ ಮಾಡಿದವರನ್ನು ನಂಬುತ್ತಾರೆ. ಎಲ್ಲವನ್ನೂ ನಾನೇ ಮೊದಲಿನಿಂದ ನೋಡುತ್ತೇನೆ ಅಂದರೆ ಆಯಸ್ಸು ಸಾಲದು. ನಿಮ್ಮ ಮನಸ್ಸಿನೊಳಗೆ ಹುಡುಕಿದರೆ ವ್ಯತ್ಯಾಸ ಸಿಗದೇ ಇರಬಹುದು. ಆ ಮಾತು ನಿಮ್ಮವರೆಗೆ ಬಂದ ದಾರಿಯನ್ನು ನೋಡಿ.

1903ರಲ್ಲಿ ಫ್ರಾನ್ಸಿನ ರೆನೆ ಬ್ಲಾಂಡ್ಲೋ ಎನ್-ಕಿರಣ ಎಂಬ ಹೊಸ ಕಿರಣ ಕಂಡುಹಿಡಿದೆ ಎಂದರು. ಅವರು ಗೌರವಸ್ಥ ವಿಜ್ಞಾನಿ. ನಮಗೂ ಕಂಡಿತು ಎಂದು ಹೇಳಿದ ವಿಜ್ಞಾನಿಗಳು ಎಷ್ಟೋ ಮಂದಿ. ಮರುವರ್ಷ ಅಮೆರಿಕದ ವಿಜ್ಞಾನಿ ರಾಬರ್ಟ್ ವುಡ್, ಬ್ಲಾಂಡ್ಲೋ ಅವರ ಪ್ರಯೋಗಾಲಯಕ್ಕೆ ಹೋಗಿ, ಕತ್ತಲಲ್ಲಿ ಯಾರಿಗೂ ಗೊತ್ತಾಗದ ಹಾಗೆ, ಕಿರಣವನ್ನು ಬಾಗಿಸಿ ಹರಡಬೇಕಿದ್ದ ಪ್ರಿಸಂ ಅನ್ನೇ ಉಪಕರಣದಿಂದ ತೆಗೆದುಬಿಟ್ಟರು. ಆದರೂ ಅಲ್ಲಿದ್ದವರಿಗೆ ಕಿರಣ ಕಾಣುತ್ತಲೇ ಇತ್ತು! ವುಡ್ ಅದನ್ನು ಬರೆದು ಪ್ರಕಟಿಸಿದರು, ಅಲ್ಲಿಗೆ ಎನ್-ಕಿರಣದ ಕಥೆ ಹೆಚ್ಚುಕಡಿಮೆ ಮುಗಿಯಿತು. ಹೀಗೆ ಬೇರೊಬ್ಬರು ಬಂದು ಪ್ರಿಸಂ ತೆಗೆದು ನೋಡಲು ಅವಕಾಶ ಇದೆಯೇ ಎಂಬುದು ದೊಡ್ಡ ವ್ಯತ್ಯಾಸ. ಭೂಮಿಯ ವಯಸ್ಸೂ ಒಬ್ಬರ ಬಾಯಿಮಾತಲ್ಲ. ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ; ಕ್ಲೇರ್ ಪ್ಯಾಟರ್ಸನ್ ಎಂಬ ವಿಜ್ಞಾನಿ 1956ರಲ್ಲಿ, ಭೂಮಿ ಹುಟ್ಟಿದ ಕಾಲದವೇ ಆದ ಉಲ್ಕಾಶಿಲೆಗಳಲ್ಲಿರುವ ಸೀಸವನ್ನು ಅಳೆದು 455 ಕೋಟಿ ವರ್ಷ ಎಂದರು. ಬೇರೆಯವರು ರುಬಿಡಿಯಂ-ಸ್ಟ್ರಾನ್ಷಿಯಂನಂಥ ಬೇರೆ ಜೋಡಿಗಳಿಂದ ಲೆಕ್ಕ ಹಾಕಿದಾಗಲೂ ಉಲ್ಕಾಶಿಲೆಗಳ ವಯಸ್ಸು ಅದರ ಆಸುಪಾಸಿಗೇ ಬಂತು.

ಈ ವ್ಯವಸ್ಥೆ ಎಡವುವುದಿಲ್ಲ ಅಂತಲ್ಲ. 1935ರಲ್ಲಿ ಲಂಡನ್ನಿನ ಸಭೆಯಲ್ಲಿ ಆಗಿನ ಹೆಸರಾಂತ ಖಗೋಳವಿಜ್ಞಾನಿ ಆರ್ಥರ್ ಎಡಿಂಗ್ಟನ್, ಭಾರತದ ಯುವ ವಿಜ್ಞಾನಿ ಚಂದ್ರಶೇಖರ್ ಅವರ ಶ್ವೇತ ಕುಬ್ಜ (ಇಂಧನ ಮುಗಿದು ಕುಗ್ಗಿದ) ನಕ್ಷತ್ರಗಳ ಲೆಕ್ಕವನ್ನು ಎಲ್ಲರೆದುರು ತಳ್ಳಿಹಾಕಿದರು. ಲೆಕ್ಕ ಸರಿ ಎಂದು ಖಾಸಗಿಯಾಗಿ ಹೇಳಿದ ದೊಡ್ಡವರು ಬಹಿರಂಗವಾಗಿ ಬಾಯಿ ಬಿಡಲಿಲ್ಲ. ದೊಡ್ಡ ಹೆಸರಿಗೆ ತಲೆಬಾಗುವ ಚಾಳಿ ಅಲ್ಲಿಯೂ ಇದೆ, ಅದು ಕೆಟ್ಟ ಅರ್ಥದಲ್ಲಿ ನಂಬಿಕೆಯೇ. ಚಂದ್ರಶೇಖರ್ ಅವರಿಗೆ ನೊಬೆಲ್ ಬರುವ ಹೊತ್ತಿಗೆ 1983 ಆಗಿತ್ತು. ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ, ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದ ವರದಿ 2015ರಲ್ಲಿ ಬಂತು. ಮೊದಲಿನ ಫಲಿತಾಂಶ ಗಟ್ಟಿಯಾಗಿ ಮತ್ತೆ ಸಿಕ್ಕಿದ್ದು ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು ಕಡೆ ಮಾತ್ರ. ಆ ಕೆಲಸ ಮಾಡಿದವರು ಆ ವಿಷಯದ ಸಂಶೋಧಕರೇ. ಹಾಗಾಗಿ ವಿಜ್ಞಾನಿ ಹೇಳಿದರು ಎಂದ ಮಾತ್ರಕ್ಕೆ ಎಲ್ಲವನ್ನೂ ಒಂದೇ ತೂಕದಲ್ಲಿ ನಂಬಬೇಡಿ. ಬೇರೆಯವರು ಮಾಡಿ ನೋಡಿದ್ದಾರಾ, ಬೇರೆ ದಾರಿಯಿಂದಲೂ ಅದೇ ಉತ್ತರ ಬಂದಿದೆಯಾ, ತಪ್ಪು ಎಂದು ತೋರಿಸಿದರೆ ಹೆಸರು ಬರುವ ಯಾರಾದರೂ ಪ್ರಯತ್ನಿಸಿ ಸೋತಿದ್ದಾರಾ ಎಂದು ಕೇಳಿ. ಭೂಮಿಯ ವಯಸ್ಸು ಇವೆಲ್ಲವನ್ನೂ ದಾಟಿ ಬಂದಿದೆ. ನಿನ್ನೆ ಮೊನ್ನೆ ಬಂದ ಒಂದೇ ಒಂದು ಅಧ್ಯಯನ ದಾಟಿರುವುದಿಲ್ಲ.

ಪ್ರಶ್ನೆ: ನಾನು ಭೌತವಿಜ್ಞಾನ ಓದುತ್ತಿದ್ದೇನೆ, ದೇವರನ್ನೂ ನಂಬುತ್ತೇನೆ. ಎರಡರಲ್ಲಿ ಒಂದನ್ನು ಬಿಡಲೇಬೇಕಾ?

ಉತ್ತರ: ಬಿಡಲೇಬೇಕು ಅಂತೇನಿಲ್ಲ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಬರೆದ ಬೆಲ್ಜಿಯಂನ ಜಾರ್ಜ್ ಲಮೆತ್ರ್ ಕ್ಯಾಥೊಲಿಕ್ ಪಾದ್ರಿ. 1979ರಲ್ಲಿ ನೊಬೆಲ್ ಪಡೆದ ಭೌತವಿಜ್ಞಾನಿ ಅಬ್ದುಸ್ ಸಲಾಂ ಕೂಡ ಗಟ್ಟಿ ಧರ್ಮಶ್ರದ್ಧೆ ಇದ್ದವರು. 1951ರಲ್ಲಿ ಪೋಪ್ 12ನೇ ಪಯಸ್, ವಿಶ್ವಕ್ಕೆ ಆರಂಭವಿತ್ತು ಎಂಬ ಹೊಸ ವಿಜ್ಞಾನ ಸೃಷ್ಟಿಯ ಮಾತಿಗೆ ಬೆಂಬಲ ಎಂಬ ಅರ್ಥದಲ್ಲಿ ಮಾತಾಡಿದಾಗ ಲಮೆತ್ರ್ ಅವರಿಗೆ ಅದು ಹಿಡಿಸಲಿಲ್ಲ. ತಮ್ಮ ಸಿದ್ಧಾಂತ ಧರ್ಮದ ಪರವೂ ಅಲ್ಲ, ವಿರುದ್ಧವೂ ಅಲ್ಲ ಎಂಬುದು ಅವರ ನಿಲುವು. ನನಗೆ ಅವರ ಮೇಲೆ ತುಂಬಾ ಗೌರವ ಇರುವುದು ಇದಕ್ಕೇ.

ಆದರೆ ಎಲ್ಲ ಕಡೆ ಇಷ್ಟು ಸಲೀಸಾಗಿ ಇರುವುದಿಲ್ಲ. ಭೂಮಿ ಹುಟ್ಟಿ ಕೆಲವೇ ಸಾವಿರ ವರ್ಷ ಆಗಿದೆ ಎಂದು ನೀವು ಕಲಿತಿದ್ದರೆ, ಮೇಲೆ ಹೇಳಿದ ಸೀಸದ ಲೆಕ್ಕ ಎದುರಿಗೆ ಬಂದು ನಿಲ್ಲುತ್ತದೆ. ಆಗ ಎರಡೂ ನಂಬಿಕೆಯೇ, ಇಷ್ಟವಾದದ್ದನ್ನು ಇಟ್ಟುಕೊಳ್ಳೋಣ ಎಂದು ಜಾರಿಕೊಳ್ಳಲು ಆಗುವುದಿಲ್ಲ. ಒಂದೋ ಆ ಧರ್ಮಗ್ರಂಥದ ಮಾತನ್ನು ಬೇರೆ ಅರ್ಥದಲ್ಲಿ ಓದಬೇಕು, ಇಲ್ಲವೇ ಅಳತೆಯಲ್ಲಿ ತಪ್ಪು ಎಲ್ಲಿದೆ ಎಂದು ತೋರಿಸಬೇಕು. ಎರಡನೆಯದನ್ನು ಮಾಡಿ ನೋಡುವ ಮನಸ್ಸಿದ್ದರೆ ಯುರೇನಿಯಂ ಸೀಸವಾಗುವ ಪಾಠದಿಂದ ಶುರು ಮಾಡಿ. ಭೌತವಿಜ್ಞಾನ ಓದುವವರಿಗೆ ಆ ಲೆಕ್ಕ ಕಷ್ಟವೇನಲ್ಲ, ಕೂತು ನೀವೇ ಹಾಕಬಹುದು.